ಒಂದೂವರೆ ವರ್ಷದ ಚುಚ್ಚುಮದ್ದಿನ ದಿನ ಕೇಳಬೇಕಾದ ಪ್ರಶ್ನೆಗಳು

ಆಟಿಸಂ ಬಗ್ಗೆ ವೈದ್ಯರಿಗೆ, ದಾದಿಯರಿಗೆ ಎಷ್ಟು ಗೊತ್ತು ಎಂದು ಅಳೆಯಲು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಒಂದು ಪ್ರಶ್ನಾವಳಿ ಇದೆ. ನೈಜೀರಿಯಾದ ವೈದ್ಯರು 2008ರಲ್ಲಿ ಪ್ರಕಟಿಸಿದ್ದು, ಒಟ್ಟು 19 ಪ್ರಶ್ನೆ. ಎಂಟು ಪ್ರಶ್ನೆ ಮಗು ಬೇರೆಯವರ ಜೊತೆ ಬೆರೆಯುವುದರ ಬಗ್ಗೆ, ನಾಲ್ಕು ಮಾಡಿದ್ದನ್ನೇ ಮಾಡುವ ವರ್ತನೆಯ ಬಗ್ಗೆ, ಆರು ಇದು ಎಂಥ ತೊಂದರೆ, ಯಾವಾಗ ಶುರುವಾಗುತ್ತದೆ, ಜೊತೆಗೆ ಇನ್ನೇನು ಬರುತ್ತದೆ ಎನ್ನುವುದರ ಬಗ್ಗೆ. ಮಾತು-ಸಂವಹನಕ್ಕೆ ಉಳಿದದ್ದು ಒಂದೇ. ಇದರಲ್ಲಿ ಒಳ್ಳೆ ಅಂಕ ತೆಗೆದವರೂ ಎದುರಿಗೆ ಕೂತ ಹದಿನೆಂಟು ತಿಂಗಳ ಮಗುವನ್ನು ‘ಏನೂ ತೊಂದರೆ ಇಲ್ಲ’ ಎಂದು ಮನೆಗೆ ಕಳಿಸಬಹುದು. ಬೆಳವಣಿಗೆ ಕ್ಲಿನಿಕ್‌ನಲ್ಲಿ ಕೆಲಸ ಮಾಡುವ ನಮಗೆ ಇದು ಆಶ್ಚರ್ಯವೇನಲ್ಲ. ಮೂಲೆಯಲ್ಲಿ ಕೂತು ಮೈ ತೂಗುವ, ಯಾರನ್ನೂ ನೋಡದ ನಾಲ್ಕು ವರ್ಷದ ಮಗುವಿನ ಚಿತ್ರ ಎಲ್ಲ ವೈದ್ಯರಿಗೂ ಗೊತ್ತಿದೆ. ಚಿಕ್ಕ ವಯಸ್ಸಿನಲ್ಲಿ ಕಾಣುವುದು ಆ ಚಿತ್ರವಲ್ಲ. ಇರುವುದಕ್ಕಿಂತ ಇಲ್ಲದಿರುವುದನ್ನು ಆಗ ಹುಡುಕಬೇಕು.

ಅದಕ್ಕೆ ಬೇರೆ ಅಪಾಯಿಂಟ್‌ಮೆಂಟ್ ಬೇಕಿಲ್ಲ. ಡಿಪಿಟಿ ಬೂಸ್ಟರ್, ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಎರಡನೇ ಡೋಸ್ ಬರುವುದು 16ರಿಂದ 24 ತಿಂಗಳೊಳಗೆ. ಆಟಿಸಂ ತಪಾಸಣೆಗೆ ಬಳಸುವ ಎಂ-ಚಾಟ್ ಆರ್ ಪ್ರಶ್ನಾವಳಿ ಇರುವುದು 16ರಿಂದ 30 ತಿಂಗಳ ಮಕ್ಕಳಿಗೆ. ಎರಡೂ ಕೂಡಿ ಬರುವ ಭೇಟಿ ಇದೊಂದೇ, ಮತ್ತು ಅದು ಸಾಮಾನ್ಯವಾಗಿ ಎರಡು ನಿಮಿಷದಲ್ಲಿ ಮುಗಿಯುತ್ತದೆ: ತೂಕ, ಚುಚ್ಚುಮದ್ದು, ಜ್ವರದ ಸಿರಪ್. ಒಂದು ಸಣ್ಣ ಬದಲಾವಣೆ ಸಾಕು. ಕಾಯುವಾಗಲೇ ತಾಯಿಗೆ ಎಂ-ಚಾಟ್ ಫಾರಂ ಕೊಡಿ, ಮಗುವನ್ನು ಸೂಜಿಗೆ ಮೊದಲು ನೋಡಿ. ಚುಚ್ಚಿದ ಮೇಲೆ ಅಳುವ ಮಗುವಿನ ನೋಟ, ನಗು, ಪ್ರತಿಕ್ರಿಯೆ ಯಾವುದನ್ನೂ ನಂಬುವ ಹಾಗಿಲ್ಲ.

ನೋಡಬೇಕಾದ್ದರಲ್ಲಿ ಮುಖ್ಯವಾದದ್ದು ಬೆರಳು. ‘ಬೆರಳು ಮಾಡಿ ತೋರಿಸ್ತಾನಾ?’ ಎಂದು ಕೇಳಿದರೆ ಬರುವ ಉತ್ತರ: ‘ಓ, ಬೇಕಾದ್ದೆಲ್ಲ ತೋರಿಸ್ತಾನೆ ಡಾಕ್ಟ್ರೇ.’ ಹೇಗೆ ಅಂತ ಮಾಡಿ ತೋರಿಸಲು ಹೇಳಿ. ತಾಯಿಯ ಮಣಿಕಟ್ಟು ಹಿಡಿದು ಎಳೆದೊಯ್ದು, ಆಕೆಯ ಕೈಯನ್ನೇ ಬಿಸ್ಕತ್ತಿನ ಡಬ್ಬಿಯ ಮೇಲೆ ಇಡುತ್ತಾನೆ, ಮುಖ ಮಾತ್ರ ನೋಡುವುದಿಲ್ಲ. ಇದು ತೋರಿಸುವುದಲ್ಲ. ಕೇಳಬೇಕಾದ ಪ್ರಶ್ನೆ ಎರಡು. ಬೇಕಾದ್ದಕ್ಕೆ ಒಂದೇ ಬೆರಳು ಚಾಚುತ್ತಾನಾ? ರಸ್ತೆಯಲ್ಲಿ ಬಸ್ಸೋ ಹಸುವೋ ಕಂಡಾಗ, ಏನೂ ಬೇಡದಿದ್ದರೂ, ನಿಮಗೂ ಕಾಣಲಿ ಎಂದು ಬೆರಳು ಮಾಡಿ ಆಮೇಲೆ ನಿಮ್ಮ ಮುಖ ನೋಡುತ್ತಾನಾ? ನಮ್ಮ ಪ್ರಕಾರ ಇಡೀ ಫಾರಂನಲ್ಲಿ ಹೆಚ್ಚು ಬೆಲೆಯುಳ್ಳದ್ದು ಈ ಎರಡನೆಯದು.

ಹೆಸರು ಕರೆಯುವುದನ್ನು ನೀವೇ ಮಾಡಿ. ಮಗು ಆಟದಲ್ಲಿರುವಾಗ, ಅದರ ಕಣ್ಣಿಗೆ ಬೀಳದ ಕಡೆಯಿಂದ, ಚಪ್ಪಾಳೆ-ಚಿಟಿಕೆ ಇಲ್ಲದೆ ಎರಡು ಮೂರು ಸಲ ಹೆಸರು ಹಿಡಿದು ಕರೆಯಿರಿ. ಚಿಪ್ಸ್ ಪೊಟ್ಟಣದ ಸದ್ದಿಗೆ ತಿರುಗಿ, ಹೆಸರಿಗೆ ತಿರುಗದಿದ್ದರೆ ‘ಕಿವಿ ಸರಿ ಇದೆ’ ಎಂದು ಸಮಾಧಾನಪಡುವುದು ತಪ್ಪು. ಶ್ರವಣ ಪರೀಕ್ಷೆ ಆಗಲೇಬೇಕು, ಓಎಇ (ಒಳಕಿವಿಯ ಪ್ರತಿಕ್ರಿಯೆ ಅಳೆಯುವುದು) ಅಥವಾ ಬೆರಾ (ಸದ್ದಿಗೆ ಶ್ರವಣ ನರ, ಮೆದುಳಿನ ಪ್ರತಿಕ್ರಿಯೆ ಅಳೆಯುವುದು). ಅದು ನಾರ್ಮಲ್ ಬಂದರೆ ವಿಷಯ ಮುಗಿಯಲಿಲ್ಲ, ಆಟಿಸಂ ಅನುಮಾನ ಇನ್ನೂ ಬಲವಾಯಿತು ಅಷ್ಟೆ.

ಫಾರಂನಲ್ಲಿ 20 ಪ್ರಶ್ನೆ, ಹೌದು ಅಥವಾ ಇಲ್ಲ. ಎಣಿಕೆಯಲ್ಲಿ ಪದೇ ಪದೇ ಎಡವುವ ಜಾಗ 2, 5 ಮತ್ತು 12. ಕಿವಿ ಕೇಳಿಸದೇನೋ ಎಂಬ ಅನುಮಾನ, ಕಣ್ಣ ಹತ್ತಿರ ವಿಚಿತ್ರವಾಗಿ ಬೆರಳಾಡಿಸುವುದು, ದಿನನಿತ್ಯದ ಸದ್ದಿಗೆ ಗಾಬರಿಯಾಗುವುದು: ಈ ಮೂರಕ್ಕೆ ‘ಹೌದು’ ಎಂದರೆ ಅಂಕ, ಉಳಿದ ಹದಿನೇಳಕ್ಕೆ ‘ಇಲ್ಲ’ ಎಂದರೆ. ಸಹಾಯಕರು ‘ಇಲ್ಲ’ಗಳನ್ನಷ್ಟೇ ಎಣಿಸಿದರೆ ಲೆಕ್ಕ ಕೆಟ್ಟಿತು. ಮೊತ್ತ 0-2 ಬಂದು ಮಗುವಿಗೆ ಎರಡು ವರ್ಷ ತುಂಬಿಲ್ಲದಿದ್ದರೆ ತುಂಬಿದ ಮೇಲೆ ಮತ್ತೊಮ್ಮೆ ಕೇಳಿ. 8 ಅಥವಾ ಹೆಚ್ಚು ಬಂದರೆ ನೇರ ರೆಫರ್ ಮಾಡಿ. 3ರಿಂದ 7 ಬಂದಾಗಲೇ ಕೆಲಸ ಇರುವುದು: ಅಂಕ ಬಿದ್ದ ಪ್ರಶ್ನೆಗಳನ್ನಷ್ಟೇ ಉದಾಹರಣೆ ಕೇಳುತ್ತಾ ಮತ್ತೆ ಕೇಳಬೇಕು, ಎರಡು ಅಥವಾ ಹೆಚ್ಚು ಹಾಗೇ ಉಳಿದರೆ ರೆಫರ್. ಈ ಹಂತ ಬಿಟ್ಟರೆ ಅನಗತ್ಯವಾಗಿ ಹೆದರಿದ ಪೋಷಕರು ಒಂದು ಕಡೆ, ‘ಈ ಫಾರಂ ಎಲ್ಲರಿಗೂ ಪಾಸಿಟಿವ್ ಬರತ್ತೆ’ ಎಂದು ಕೈಬಿಡುವ ವೈದ್ಯರು ಇನ್ನೊಂದು ಕಡೆ. ಮೊತ್ತ ಕಡಿಮೆ ಬಂದಿದ್ದರೂ ತಾಯಿಗೆ ಏನೋ ಸರಿಯಿಲ್ಲ ಅನ್ನಿಸಿದ್ದರೆ ಅದಕ್ಕೇ ಬೆಲೆ ಕೊಡಿ.

ಮಗುವನ್ನು ಮನೆಗೆ ಕಳಿಸುವ ಸಮಾಧಾನದ ಮಾತುಗಳು ಎಲ್ಲ ಊರಿನಲ್ಲೂ ಒಂದೇ. ‘ಗಂಡು ಹುಡುಗ, ಮಾತು ನಿಧಾನ.’ ‘ಅವರಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದಿದ್ದು.’ ‘ಮನೇಲಿ ಒಂದೇ ಮಗು, ಪ್ಲೇ ಹೋಮ್‌ಗೆ ಹಾಕಿ.’ ಇದಕ್ಕೆ ಈಗ ‘ಮೊಬೈಲ್ ನಿಲ್ಲಿಸಿ, ಸರಿಹೋಗುತ್ತೆ’ ಸೇರಿದೆ. ಮೊಬೈಲ್ ನಿಲ್ಲಿಸುವುದು ಒಳ್ಳೆಯದೇ, ಆದರೆ ಅದರ ಹೆಸರಲ್ಲಿ ಆರು ತಿಂಗಳು ಕಾಯುವಂತಿಲ್ಲ. ‘ಅಮ್ಮನನ್ನು ತಬ್ಬಿಕೊಳ್ತಾನೆ, ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನೆ’ ಎನ್ನುವುದೂ ಆಟಿಸಂ ಇಲ್ಲ ಎಂಬುದಕ್ಕೆ ಪುರಾವೆಯಲ್ಲ. ನೂರರ ತನಕ ಎಣಿಸಿ, ಜಾಹೀರಾತಿನ ಸಾಲು ಒಪ್ಪಿಸುವ ಮಗು ‘ನೀರು’ ಅಂತ ಕೇಳದಿದ್ದರೆ ಅದನ್ನು ಮಾತು ಬಂದಿದೆ ಎಂದು ಬರೆಯಬೇಡಿ. ಹೆಣ್ಣು ಮಕ್ಕಳಲ್ಲಿ ‘ನಾಚಿಕೆ ಸ್ವಭಾವ’ ಎಂದು ದಾಟಿಸಿಬಿಡುತ್ತಾರೆ. ಬಂದ ಮಾತು ಅಥವಾ ಟಾಟಾ ಮಾಡುವ ಅಭ್ಯಾಸ ನಿಂತುಹೋಗಿದ್ದರಂತೂ ಫಾರಂ ತುಂಬಿಸುತ್ತ ಕೂರಬೇಡಿ, ಯಾವ ವಯಸ್ಸಾದರೂ ಅದೇ ವಾರ ಕಳಿಸಿ.

‘ಲಸಿಕೆಯಿಂದ ಆಟಿಸಂ ಬರುತ್ತಾ?’ ಎಂದು ಪೋಷಕರು ಕೇಳುವ ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯ ಮೇಲೆ ಗೂಬೆ ಕೂರಿಸಿದ, ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 1998ರ ಲೇಖನವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು. ಲಕ್ಷಣಗಳು ಎದ್ದು ಕಾಣುವ ವಯಸ್ಸೂ ಬೂಸ್ಟರ್ ವಯಸ್ಸೂ ಒಂದೇ ಆದದ್ದರಿಂದ ಅನುಮಾನ ಸುಲಭವಾಗಿ ಹುಟ್ಟುತ್ತದೆ.

ರೆಫರಲ್ ಚೀಟಿಯಲ್ಲಿ ‘ಆಟಿಸಂ?’ ಎಂದು ಒಂದೇ ಪದ ಬರೆದರೆ ಮುಂದಿನವರಿಗೆ ಪ್ರಯೋಜನವಿಲ್ಲ. ‘20 ತಿಂಗಳು, ಹೆಸರಿಗೆ ತಿರುಗಲಿಲ್ಲ, ಬೆರಳು ಚಾಚುವುದಿಲ್ಲ, ಮಾತು ಇಲ್ಲ, ಎಂ-ಚಾಟ್ 9’ ಎಂದು ಬರೆಯಿರಿ. ಮಕ್ಕಳ ತೊಂದರೆಗಳನ್ನು ಬೇಗ ಪತ್ತೆಹಚ್ಚುವ ಜಿಲ್ಲಾ ಮಟ್ಟದ ಸರ್ಕಾರಿ ಕೇಂದ್ರ (ಡಿಇಐಸಿ), ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಯಾವುದು ಹತ್ತಿರವೋ ಅಲ್ಲಿಗೆ. ರೋಗನಿರ್ಣಯದ ತಾರೀಖು ದೂರವಿದ್ದರೆ ಸ್ಪೀಚ್ ಥೆರಪಿ, ಮನೆಯಲ್ಲಿ ಎದುರುಬದುರು ಕೂತು ಆಡುವ ಆಟ ಅದಕ್ಕಾಗಿ ಕಾಯಬೇಕಿಲ್ಲ. ಎಂಆರ್‌ಐ, ಇಇಜಿ ಎಲ್ಲ ಮಕ್ಕಳಿಗೂ ಬರೆಯಬೇಡಿ. ಫಿಟ್ಸ್ ಅನುಮಾನದಂಥ ಕಾರಣ ಇದ್ದರೆ ಮಾತ್ರ. 40 ಅಂಶಗಳ ಐಎಸ್‌ಎಎ (ಭಾರತದಲ್ಲಿ ಆಟಿಸಂ ಅಳೆಯಲು ರೂಪಿಸಿದ್ದು) ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಮಾಪಕ. ಈ ವಯಸ್ಸಿನ ತಪಾಸಣೆಗೆ ಅಲ್ಲ.

ಮನೆಯ ಹಿರಿಯ ಮಗುವಿಗೆ ಆಟಿಸಂ ಇದ್ದರೆ ತಮ್ಮ-ತಂಗಿಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಬರಬಹುದು. ತಾಯಿ ಕಾರ್ಡಿನ ಮೇಲೆ ಇದನ್ನು ದಪ್ಪಕ್ಷರದಲ್ಲಿ ಬರೆದಿಟ್ಟು, ಆ ಮಗುವನ್ನು ಒಂಬತ್ತನೇ ತಿಂಗಳ ಎಂಆರ್ ದಿನದಿಂದಲೇ ನೋಡಲು ಶುರುಮಾಡಿ.