ಲಿನಕ್ಸ್ ಹಾಕಿದ್ರ ವಿಂಡೋಸ್ ಹೋಗ್ತದೇನು?

ಬೆಳಗಾವಿ ಅಂದ್ರೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇರೋ ಊರು, ಸುತ್ತಮುತ್ತ ಇಂಜಿನಿಯರಿಂಗ್ ಹುಡುಗರಿಗೆ ಕೊರತೆಯಿಲ್ಲ. ಹೊಸ ಲ್ಯಾಪ್‌ಟಾಪ್ ತಗೊಂಡವರು ನನ್ನ ಹತ್ತಿರ ಕೇಳೋದು ಇದನ್ನೇ: "ಅಣ್ಣಾ, ವಿಂಡೋಸ್ ಜೋಡಿ ಉಬುಂಟು ಹಾಕಿದ್ರ ಇದ್ದದ್ದು ಹೋಗ್ತದೇನು?"

ಹೋಗುವುದಿಲ್ಲ. ಉಬುಂಟು ಅಂದ್ರೆ ಲಿನಕ್ಸ್‌ನ ಒಂದು ಬಗೆ, ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಒಂದೇ ಡಿಸ್ಕಿನಲ್ಲಿ ಎರಡಕ್ಕೂ ಬೇರೆ ಬೇರೆ ಪಾರ್ಟಿಷನ್, ಅಂದ್ರೆ ಭಾಗ ಇರುತ್ತದೆ. ಆನ್ ಮಾಡಿದಾಗ ಗ್ರಬ್ ಅನ್ನೋ ಮೆನು ಬರುತ್ತದೆ, ಬೇಕಾದ್ದನ್ನು ಆರಿಸಿಕೊಂಡರೆ ಆಯ್ತು. ಆದರೆ ಮುಖ್ಯವಾದ ತಯಾರಿಯೆಲ್ಲ ವಿಂಡೋಸ್ ಒಳಗೇ ಮಾಡಬೇಕು. ಅದನ್ನು ಬಿಟ್ಟು ನೇರ ಉಬುಂಟು ಇರೋ ಪೆನ್‌ಡ್ರೈವ್ ಚುಚ್ಚುವವರೇ ಜಾಸ್ತಿ ಒದ್ದಾಡುವುದು.

ಮೊದಲು ಬಿಟ್‌ಲಾಕರ್ ನೋಡಿ, ಅದು ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ, ಅಂದ್ರೆ ಡಿಸ್ಕ್ ಎನ್‌ಕ್ರಿಪ್ಷನ್, ಎಷ್ಟೋ ಸಲ ತಾನಾಗಿಯೇ ಆನ್ ಆಗಿರುತ್ತದೆ. ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ಸೆಟ್ಟಿಂಗ್ ಮುಟ್ಟಿದರೆ ಸಾಕು, ನೀಲಿ ಸ್ಕ್ರೀನ್ ಬಂದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತದೆ. ಅಕೌಂಟ್ ಅಂಗಡಿಯವರು ಮಾಡಿಕೊಟ್ಟಿದ್ದು, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ ಅಂದ್ರೆ ಫೈನಲ್ ಇಯರ್ ಪ್ರಾಜೆಕ್ಟ್ ಸಮೇತ ಎಲ್ಲ ಒಳಗೇ ಉಳೀತು. ದಯವಿಟ್ಟು ಆ ಕೀಯನ್ನು ಹಾಳೆಯ ಮೇಲೆ ಬರೆದಿಡಿ, ಫೈಲುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಎನ್‌ಕ್ರಿಪ್ಷನ್ ಆಫ್ ಮಾಡಿ ಅದು ಪೂರ್ತಿ ಮುಗಿಯೋವರೆಗೂ ಕಾಯಿರಿ.

ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಏನೂ ಬರೆಯಲು ಆಗದೇ ಹೋಗಬಹುದು.

ಉಬುಂಟುಗೆ ಜಾಗ ಬಿಡಿಸುವುದು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಉಬುಂಟುಗೆ 25 ಜಿಬಿ ಸಾಲುತ್ತದೆ ಅಂತಾರೆ, ಆದರೆ ಕಂಪೈಲರ್, ಡಾಕರ್ ಅಂತ ಕೋಡಿಂಗ್ ಸಾಮಾನು ಶುರುವಾದರೆ ಅದು ಎಲ್ಲಿಗೂ ಸಾಲಲ್ಲ, 80 ಜಿಬಿ ಆದರೂ ಕೊಡಿ. ಬಿಡಿಸಿದ ಜಾಗ ಕಪ್ಪು ಪಟ್ಟಿಯಾಗಿ ಅನ್‌ಅಲೊಕೇಟೆಡ್ ಅಂತ ಕಾಣುತ್ತದೆ. ಹಾಗೇ ಇರಲಿ. ಸುಮ್ನೆ ಅದನ್ನೊಂದು ಹೊಸ ಇ ಡ್ರೈವ್ ಮಾಡಬೇಡಿ.

ಇನ್ನು ಪೆನ್‌ಡ್ರೈವ್‌ನಿಂದ ತೆರೆಯುವ ಉಬುಂಟು ಇನ್‌ಸ್ಟಾಲರ್‌ನಲ್ಲಿ ವಿಂಡೋಸ್ ಹೋಗುವುದು ಹೆಚ್ಚಾಗಿ ಒಂದೇ ಕಡೆ. "ಇರೇಸ್ ಡಿಸ್ಕ್" (ಡಿಸ್ಕ್ ಪೂರ್ತಿ ಅಳಿಸು) ಒತ್ತಿದರೆ ಮುಗೀತು. ನಿಮಗೆ ಬೇಕಾದ್ದು ವಿಂಡೋಸ್ ಪಕ್ಕದಲ್ಲಿ ಹಾಕುವ ಆಯ್ಕೆ. ಅದು ಕಾಣದಿದ್ದರೆ ಅಂದಾಜಿನ ಮೇಲೆ ಮುಂದೆ ಹೋಗಬೇಡಿ, ವಾಪಸ್ ಬನ್ನಿ. ಡಿಸ್ಕೇ ಕಾಣದಿದ್ದರೆ ಬಹುಶಃ ಬಯೋಸ್‌ನಲ್ಲಿರುವ ಇಂಟೆಲ್‌ನ ಆರ್‌ಎಸ್‌ಟಿ ಅನ್ನೋ ಡಿಸ್ಕ್ ಸೆಟ್ಟಿಂಗ್ ಕಾರಣ. ಅದನ್ನು ದಿಢೀರನೆ ಬದಲಿಸಿದರೆ ವಿಂಡೋಸ್ ಏಳದೇ ಇರಬಹುದು, ಗೊತ್ತಿದ್ದವರನ್ನು ಕೂರಿಸಿಕೊಂಡು ಮಾಡಿ. ಕರೆಂಟ್ ನಂಬಬೇಡಿ, ಬ್ಯಾಟರಿ ತುಂಬಿರಲಿ, ಚಾರ್ಜರ್ ಹಾಕಿರಲಿ.

ಎಲ್ಲ ಆದ ಮೇಲೆ ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ತಾಸು ಹಿಂದೆ ತೋರಿಸಿದರೆ ಗಾಬರಿ ಬೇಡ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ, ಅಂದ್ರೆ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಟೈಮು ಅಂದುಕೊಳ್ಳುತ್ತದೆ. ಲೋಕಲ್ ಟೈಮ್ ಇಟ್ಟುಕೋ ಅಂತ ಲಿನಕ್ಸ್‌ಗೆ ಒಂದು ಕಮಾಂಡ್ ಕೊಟ್ಟರೆ ಸರಿಹೋಗುತ್ತದೆ.