ತೂಕ 54ರಲ್ಲೇ ಇದೆ, ಉಸಿರು ಬದಲಾಗಿದೆ

ಉಸಿರಿನ ಸ್ನಾಯುವಿಗೆ ವ್ಯಾಯಾಮ ಶುರು ಮಾಡಿ 12ನೇ ವಾರ, ಭಾನುವಾರ. ಬೆಳಿಗ್ಗೆ ಆರಕ್ಕೆ ಹೊರಟು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನಂದಿಯವರೆಗೆ ಹೋದೆ. ದಾರಿಯಲ್ಲಿ ಮೂರು ಕಡೆ ನಿಂತೆ. ಮೊದಲ ವಾರ ಇದೇ ದಾರಿಯಲ್ಲಿ ಹನ್ನೊಂದು ಕಡೆ ನಿಂತಿದ್ದೆ. ಅವತ್ತೂ ತೂಕ 54 ಕೆ.ಜಿ., ಇವತ್ತೂ 54. ಅದಕ್ಕೇ ಇದನ್ನು ಬರೆದಿಡಬೇಕು ಅನಿಸಿತು.

ನನಗೆ 41 ವರ್ಷ, ಎತ್ತರ 155 ಸೆಂ.ಮೀ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.5. ನಮ್ಮ ದೇಶದವರಿಗೆ 23 ದಾಟಿದರೆ ಜಾಸ್ತಿ ತೂಕ ಅನ್ನುತ್ತಾರೆ, ನಾನು ಅದರೊಳಗೇ ಇದ್ದೇನೆ. ನೋಡಿದವರೆಲ್ಲ "ನಿನಗೇನಮ್ಮ, ಸಣ್ಣಗಿದ್ದೀಯ" ಅನ್ನುತ್ತಾರೆ. ಆದರೆ ಆಫೀಸಿನ ಎರಡನೇ ಮಹಡಿ ಹತ್ತುವಷ್ಟರಲ್ಲಿ ಮೇಲುಸಿರು ಬರುತ್ತಿತ್ತು. ಮೆಟ್ಟಿಲ ಮೇಲೆ ಫೋನ್ ಬಂದರೆ ಎತ್ತುತ್ತಿರಲಿಲ್ಲ, ಮಾತಾಡಲು ಉಸಿರೇ ಇರುತ್ತಿರಲಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಇಸಿಜಿ ಎಲ್ಲ ಸರಿಯಾಗಿತ್ತು. ಕೊನೆಗೆ ಫಿಸಿಯೋಥೆರಪಿ ಮಾಡುವವರೊಬ್ಬರು ಕೊಬ್ಬು ಅಳೆದು ನೋಡಿದರು. ಶೇ. 36. ಸೊಂಟ 83 ಸೆಂ.ಮೀ. ಹೆಂಗಸರಿಗೆ 80 ದಾಟಬಾರದಂತೆ.

ಇದು ನನ್ನೊಬ್ಬಳ ಕತೆಯಲ್ಲ. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ ತಮ್ಮಿಬ್ಬರ ಫೋಟೋವನ್ನೇ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದ್ದರು. ಇಬ್ಬರದೂ ಬಿಎಂಐ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ 21.2. ಅದನ್ನು ನೋಡಿದ ದಿನ ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಇಷ್ಟು ದಿನ ಸುಮ್ನೆ ಸೋಮಾರಿತನ ಅಂದುಕೊಂಡಿದ್ದಕ್ಕೆ ಒಂದು ಕಾರಣ ಸಿಕ್ಕಿತ್ತು.

ಉಸಿರಿಗೂ ಇದಕ್ಕೂ ಏನು ಸಂಬಂಧ? ಉಸಿರು ಎಳೆಯುವುದೂ ಸ್ನಾಯುವಿನ ಕೆಲಸವೇ. ಶಾಲೆಯಲ್ಲಿ ಓದಿದ 'ವಪೆ' ನೆನಪಿದೆ ಅಲ್ವಾ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು? ಅದು ಕೆಳಗೆ ಇಳಿದಾಗ ಎದೆಗೂಡು ಹಿಗ್ಗಿ ಗಾಳಿ ಒಳಗೆ ಬರುತ್ತದೆ. ಹೊಟ್ಟೆಯೊಳಗೆ ಕೊಬ್ಬು ತುಂಬಿದ್ದರೆ ವಪೆ ಇಳಿಯುವುದಕ್ಕೆ ಅಡ್ಡ ಬರುತ್ತದೆ. ತೂಕ ಸರಿಯಿದ್ದು ಕೊಬ್ಬು ಜಾಸ್ತಿ ಇದೆ ಅಂದರೆ, ಸ್ನಾಯು ಕಡಿಮೆ ಇದೆ ಅಂತಲೂ ಅರ್ಥ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಜೋರಾಗಿ ದಣಿದಾಗ ಉಸಿರಿನ ಸ್ನಾಯು ಸೋತರೆ, ದೇಹ ಕಾಲಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಕಾಲು ಸೋತಿತು ಅಂತ ನಾನು ನಿಲ್ಲುತ್ತಿದ್ದಾಗ, ಸೋಲು ಶುರುವಾಗಿದ್ದು ಎದೆಯಲ್ಲೂ ಇರಬಹುದು.

ಎಳೆಯುವ ಶಕ್ತಿಯನ್ನು ಅಳೆಯುವ ಪರೀಕ್ಷೆ ಸರಳ. ಉಸಿರನ್ನೆಲ್ಲ ಹೊರಗೆ ಬಿಟ್ಟು, ಮುಚ್ಚಿದ ಕೊಳವೆಯಿಂದ ಬಲವಾಗಿ ಎಳೆಯಬೇಕು. ಲೆಕ್ಕ ನೀರಿನ ಸೆಂಟಿಮೀಟರ್‌ನಲ್ಲಿ, ಅಂದರೆ ಆ ಬಲ ಎಷ್ಟು ಸೆಂ.ಮೀ. ಎತ್ತರಕ್ಕೆ ನೀರನ್ನು ಎಳೆಯಬಲ್ಲದು ಅಂತ. ನನಗೆ ಬಂದದ್ದು 56. ವಯಸ್ಸಿಗೆ ಕಡಿಮೆಯೇ ಅಂದರು.

ಮೊದಲ ವಾರ ಒಂದು ತಪ್ಪು ಮಾಡಿದೆ. ಕೋವಿಡ್ ಸಮಯದಲ್ಲಿ ಮಾವನವರಿಗೆ ತಂದಿದ್ದ ಮೂರು ಚೆಂಡಿನ ಸ್ಪೈರೋಮೀಟರ್ ಮನೆಯಲ್ಲಿತ್ತು. ಅದರಲ್ಲೇ ದಿನಾ ಉಸಿರು ಎಳೆದೆ. ಅದರ ಚೆಂಡುಗಳು ಸೆಕೆಂಡಿಗೆ 600, 900, 1200 ಸಿಸಿ ವೇಗಕ್ಕೆ ಏಳುತ್ತವೆ. ಅದು ತೋರಿಸುವುದು ವೇಗವನ್ನು. ಸ್ನಾಯುವಿನ ಮೇಲೆ ಇಂತಿಷ್ಟೇ ಅಂತ ಭಾರ ಹಾಕುವುದಿಲ್ಲ. ಆಪರೇಷನ್ ಆದವರ ಶ್ವಾಸಕೋಶ ಬಿಚ್ಚಿಕೊಳ್ಳಲಿ ಅಂತ ಮಾಡಿದ ಸಾಧನ ಅದು. ನನಗೆ ಬೇಕಿದ್ದದ್ದು ಸ್ಪ್ರಿಂಗ್ ವಾಲ್ವ್ ಇರುವ ಸಾಧನ. ಅದರಲ್ಲಿ ಇಟ್ಟ ಭಾರಕ್ಕೆ ತಕ್ಕಷ್ಟು ಬಲ ಹಾಕದಿದ್ದರೆ ವಾಲ್ವ್ ತೆರೆಯುವುದೇ ಇಲ್ಲ, ಗಾಳಿ ಬರುವುದೇ ಇಲ್ಲ. ಡಂಬೆಲ್ ಎತ್ತಿದ ಹಾಗೆ.

ವಾಲ್ವನ್ನು 56ರಲ್ಲಿ ಶೇ. 40, ಅಂದರೆ 22ಕ್ಕೆ ಇಟ್ಟು ಶುರು ಮಾಡಿದೆ. ಬೆಳಿಗ್ಗೆ 30 ಉಸಿರು, ಸಂಜೆ 30. ಐದು ನಿಮಿಷವೂ ಹಿಡಿಯುವುದಿಲ್ಲ. ಮೂರನೇ ದಿನ ಬೇಗ ಮುಗಿಸೋಣ ಅಂತ ಗಡಿಬಿಡಿಯಲ್ಲಿ ಎಳೆದೆ, ತಲೆ ತಿರುಗಿತು, ಬೆರಳ ತುದಿ ಜುಮ್ಮೆಂದಿತು. ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಹೀಗಾಗುತ್ತದೆ. ಅವತ್ತಿನಿಂದ ಎಳೆಯುವುದು ಜೋರಾಗಿ, ಬಿಡುವುದು ನಿಧಾನವಾಗಿ, ಕುರ್ಚಿಯಲ್ಲಿ ಕುಳಿತೇ. ಬಿಪಿ, ಹೃದಯ, ಅಸ್ತಮಾ ಏನಾದರೂ ಇದ್ದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ಉಸಿರಿನ ವ್ಯಾಯಾಮದಿಂದ ಕೊಬ್ಬು ಕರಗುತ್ತದೆ ಅಂತ ನಾನು ನಂಬುವುದಿಲ್ಲ. ಅದಕ್ಕೆ ಬೇರೆ ದುಡಿಮೆ ಬೇಕು. ವಾರಕ್ಕೆ ಮೂರು ದಿನ ಬಸ್ಕಿ, ಗೋಡೆಗೆ ಕೈಕೊಟ್ಟು ಪುಷ್ ಅಪ್, ರಬ್ಬರ್ ಪಟ್ಟಿ. ಮಧ್ಯಾಹ್ನ ಬರೀ ಅನ್ನ ಸಾರು ತಿನ್ನುತ್ತಿದ್ದವಳು ಈಗ ಹೆಸರುಕಾಳು ಉಸಲಿ, ಎರಡು ಮೊಟ್ಟೆ, ಗಟ್ಟಿ ಮೊಸರು ಸೇರಿಸಿಕೊಂಡಿದ್ದೇನೆ.

ಫಿಟ್‌ನೆಸ್ ಅಳೆಯಲು ಮನೆಯಲ್ಲೇ ಕ್ವೀನ್ಸ್ ಕಾಲೇಜ್ ಸ್ಟೆಪ್ ಟೆಸ್ಟ್. 41.3 ಸೆಂ.ಮೀ. ಎತ್ತರದ ಮೆಟ್ಟಿಲು ಬೇಕು. ನಮ್ಮ ಜಗಲಿ ಕಟ್ಟೆ ಸ್ವಲ್ಪ ತಗ್ಗು, ಹಲಗೆ ಹಾಕಿ ಸರಿಮಾಡಿದೆ. ಹೆಂಗಸರು ನಿಮಿಷಕ್ಕೆ 22 ಸಲ, ಮೂರು ನಿಮಿಷ ಹತ್ತಿ ಇಳಿಯಬೇಕು. ನಿಲ್ಲಿಸಿದ ಐದನೇ ಸೆಕೆಂಡಿನಿಂದ ಹದಿನೈದು ಸೆಕೆಂಡು ನಾಡಿ ಎಣಿಸಬೇಕು. ಮೊದಲ ಸಲ 42 ಬಂತು, ಅಂದರೆ ನಿಮಿಷಕ್ಕೆ 168. ಮೊನ್ನೆ 38, ಅಂದರೆ 152. ಸೂತ್ರಕ್ಕೆ ಹಾಕಿದರೆ ವಿಒ2 ಮ್ಯಾಕ್ಸ್, ಅಂದರೆ ದಣಿದಾಗ ದೇಹ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವ ಲೆಕ್ಕ, 34.8ರಿಂದ 37.7ಕ್ಕೆ ಏರಿದೆ. ಇದು ಅಂದಾಜು ಅಷ್ಟೇ, ಆದರೂ ಹಲಗೆ ಅದೇ, ಲಯ ಅದೇ, ಅಳೆದವಳೂ ನಾನೇ.

ಎಳೆಯುವ ಶಕ್ತಿ ಈಗ 74. ಇದನ್ನು ಪೂರ್ತಿ ನಂಬಬಾರದು. ಪರೀಕ್ಷೆ ಅಭ್ಯಾಸವಾದಂತೆ ನಂಬರ್ ತಾನಾಗಿ ಸ್ವಲ್ಪ ಏರುತ್ತದೆ. ಕೊಬ್ಬು ಶೇ. 36ರಿಂದ 33ಕ್ಕೆ ಬಂದಿದೆ, ಸೊಂಟ 80. ಕೊಬ್ಬು ಅಳೆಯುವ ಯಂತ್ರ ನೀರು ಕುಡಿದರೂ ಬೇರೆ ಲೆಕ್ಕ ಹೇಳುತ್ತದೆ, ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ ಅಳೆಯುತ್ತೇನೆ. ಟೇಪಿನ ಮೇಲೆ ನನಗೆ ಜಾಸ್ತಿ ನಂಬಿಕೆ.

ಇವತ್ತು ಬೆಟ್ಟದಲ್ಲಿ ಒಬ್ಬರು ಅಜ್ಜಿ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ಒಂದು ಕಡೆಯೂ ಏದುಸಿರು ಬಿಡಲಿಲ್ಲ. ಅವರ ಹಿಂದೆಯೇ ಸ್ವಲ್ಪ ದೂರ ನಡೆದೆ. ಎರಡು ಮೆಟ್ಟಿಲಿಗೆ ಉಸಿರು ಒಳಗೆ, ಎರಡು ಮೆಟ್ಟಿಲಿಗೆ ಹೊರಗೆ. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಹತ್ತುತ್ತಲೇ ಮಾತಾಡಿದೆ.

ನಂದಿ ಇರುವುದು ಸುಮಾರು 700ನೇ ಮೆಟ್ಟಿಲ ಹತ್ತಿರ. ಅಲ್ಲಿಂದ ದೇವಸ್ಥಾನಕ್ಕೆ ಇನ್ನೂ ಮುನ್ನೂರು ಚಿಲ್ಲರೆ ಇದೆ. ವಾಲ್ವ್ ಈಗ 36ರಲ್ಲಿದೆ, ಸೋಮವಾರದಿಂದ 38. ಆ ಮುನ್ನೂರು ಮೆಟ್ಟಿಲಿಗೆ ನಾಲ್ಕು ವಾರ ಇಟ್ಟುಕೊಂಡಿದ್ದೇನೆ.