ಮಕ್ಕಳ ಆಟದಲ್ಲಿ ಮನೆಯವರ ಪಾಲು

ಕರಾಟೆಗೋ ಈಜಿಗೋ ಸೇರಿಸಿ ಶುಲ್ಕ ಕಟ್ಟಿಬಿಟ್ಟರೆ ಮಕ್ಕಳ ವ್ಯಾಯಾಮದ ಹೊಣೆ ತೀರಿತೆಂದು ನಮ್ಮ ಧಾರವಾಡದಲ್ಲಿಯೂ ಅನೇಕ ಪಾಲಕರು ಭಾವಿಸುತ್ತಾರೆ. ತರಬೇತಿ ಬೇಡವೆಂದಲ್ಲ, ಆದರೆ ವಾರಕ್ಕೆರಡು ತರಗತಿ, ಅಲ್ಲಿಗೆ ಹೋಗಿಬರಲು ಸ್ಕೂಟರ್, ಮರಳಿದ ಮೇಲೆ ಮೊಬೈಲು ಎಂದಾದರೆ ಮೈ ದಣಿಯುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರಿನ ವೇಗ ಹೆಚ್ಚುವಷ್ಟು ಚಟುವಟಿಕೆಯಿಂದಿರಬೇಕು. ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ಚಟುವಟಿಕೆ ವಾರದಲ್ಲಿ ಕನಿಷ್ಠ 3 ದಿನ ಇರಬೇಕು. ಇದನ್ನು ಒಂದೇ ಸಲಕ್ಕೆ ಮುಗಿಸಬೇಕೆಂದೇನೂ ಇಲ್ಲ. ಶಾಲೆಗೆ ನಡೆದು ಹೋಗುವುದೂ, ಓಣಿಯಲ್ಲಿ ಲಗೋರಿ ಆಡುವುದೂ ಲೆಕ್ಕಕ್ಕೆ ಬರುತ್ತವೆ.

ಎಲುಬು ಬಲಿಯುವುದು ಅದರ ಮೇಲೆ ಭಾರ ಬಿದ್ದಾಗ, ಅಂದರೆ ಜಿಗಿದು, ಕುಣಿದು, ಓಡಿ ನೆಲಕ್ಕೆ ಕಾಲೂರಿದಾಗ. ಆದ್ದರಿಂದ ಕುಂಟಬಿಲ್ಲೆಯನ್ನು ನಾನು ಸಣ್ಣ ಆಟವೆಂದು ಎಣಿಸುವುದಿಲ್ಲ. ನಮ್ಮ ಮಾಳಿಗೆಯ ಮೇಲೆ ಮಕ್ಕಳು ಸೀಮೆಸುಣ್ಣದಿಂದ ಮನೆ ಬರೆದು, ಒಡೆದ ಹಂಚಿನ ಚೂರನ್ನು ಬಿಲ್ಲೆ ಮಾಡಿಕೊಂಡು ಕುಂಟುವಾಗ, ಕಟ್ಟೆಯ ಮೇಲೆ ಕುಳಿತ ಅವರ ಅಜ್ಜಿ "ಗೆರಿ ತುಳದಿ, ನಿನ್ನ ಆಟ ಮುಗೀತು ನೋಡವಾ" ಎಂದು ಪಂಚರಂತೆ ತೀರ್ಪು ಕೊಡುತ್ತಾರೆ. ಮಕ್ಕಳ ವಾದಕ್ಕೆ ಅವರು ಜಗ್ಗುವುದಿಲ್ಲ. ನಾಗರ ಪಂಚಮಿಯ ಜೋಕಾಲಿಯೂ ಹಾಗೆಯೇ: ನಿಂತು ಜೀಕುವವರ ಮೊಣಕಾಲು, ತೋಳು, ಬೆನ್ನು ಮೂರಕ್ಕೂ ಕೆಲಸ.

ಮಕ್ಕಳು ವ್ಯಾಯಾಮವನ್ನು ದ್ವೇಷಿಸುವುದಕ್ಕೆ ದೊಡ್ಡವರೇ ಬಹುಮಟ್ಟಿಗೆ ಕಾರಣರೆಂಬುದು ನನ್ನ ಅಭಿಪ್ರಾಯ. ಗರಡಿಮನೆಯಲ್ಲಿ ಪೈಲ್ವಾನರು ಹೆಮ್ಮೆಯಿಂದ ಹೊಡೆಯುವ ಬಸ್ಕಿಯನ್ನೇ ನಾವು ಪಾಠ ಒಪ್ಪಿಸದ ಹುಡುಗನಿಗೆ ಶಿಕ್ಷೆಯಾಗಿ ಕೊಡುತ್ತೇವೆ. ಚೆನ್ನಾಗಿ ಓದಿದವನಿಗೆ ಬಹುಮಾನವಾಗಿ ಫೇಡೆ ಮತ್ತು ಮೊಬೈಲು. ಹೀಗಾದ ಮೇಲೆ ಅವನಿಗೆ ಯಾವುದು ಪ್ರಿಯವಾದೀತು?

ರವಿವಾರ ನಾವೆಲ್ಲ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ನೃಪತುಂಗ ಬೆಟ್ಟ ಹತ್ತುವುದುಂಟು. ಮಕ್ಕಳು ಮುಂದೆ ಓಡುತ್ತಾರೆ, ನಾವು ಏದುಸಿರು ಬಿಡುತ್ತ ಹಿಂದೆ ಬರುತ್ತೇವೆ. ಅಪ್ಪನನ್ನು ಸೋಲಿಸಿದ ಹಿಗ್ಗಿಗೇ ಅವರು ಮುಂದಿನ ವಾರವೂ ಹೊರಡುತ್ತಾರೆ. ಇಳಿದ ಮೇಲೆ ಗಿರ್ಮಿಟ್, ಮಿರ್ಚಿ ತಿನ್ನುವುದನ್ನು ನಾನು ತಡೆದಿಲ್ಲ. ಉಳಿದ ದಿನಗಳ ಊಟ ಸರಿಯಿದ್ದರೆ ಸಾಕು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಜೊತೆಗೆ ಹಸಿಯ ಮೆಂತೆ, ಹಕ್ಕರಿಕೆ, ಸವತಿಕಾಯಿ ಇರುವ ನಮ್ಮ ಕಡೆಯ ಗಂಗಾಳದಲ್ಲಿ ನಾರು, ಪ್ರೋಟೀನು ಎರಡಕ್ಕೂ ಕೊರತೆಯಿಲ್ಲ. ಕೊರತೆಯಿರುವುದು ಸೊಪ್ಪನ್ನು ಮಕ್ಕಳೆದುರು ತಾವೂ ತಿನ್ನುವ ದೊಡ್ಡವರದು.

ನಿದ್ದೆಯ ಮಾತೂ ಅಷ್ಟೇ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ತಾಸು ನಿದ್ದೆ ಬೇಕು. ಪಡಸಾಲೆಯಲ್ಲಿ ರಾತ್ರಿ ಹನ್ನೊಂದರವರೆಗೆ ಟೀವಿ ಗದ್ದಲವಿದ್ದರೆ ಅದು ಸಿಗದು. ನಮ್ಮಲ್ಲಿ ಊಟದ ಹೊತ್ತಿಗೆ ಎಲ್ಲರ ಮೊಬೈಲುಗಳೂ ಕಪಾಟು ಸೇರುತ್ತವೆ, ಕಚೇರಿಯ ಕರೆಯ ನೆಪ ಹೇಳುವ ಯಜಮಾನರದೂ ಸೇರಿ. ಮರೆತರೆ ನೆನಪಿಸುವ ಅಧಿಕಾರವನ್ನು ಮಕ್ಕಳಿಗೇ ಕೊಟ್ಟಿದ್ದೇವೆ.